ಪೋಲ್ಕ್ ಹಾಲ್ ಮುಂದೆ ಓಡಾಡುವ ಕನ್ನಡದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಆಗಸ್ಟ್ ಬಂತೆಂದರೆ ಅಮೆರಿಕದ ರಾಲಿಯಲ್ಲಿ ಕನ್ನಡ ಮಾತು ಜಾಸ್ತಿ ಕಿವಿಗೆ ಬೀಳುತ್ತದೆ. ಧಾರವಾಡ, ರಾಯಚೂರು, ಬೆಂಗಳೂರಿನಿಂದ ನೀವು ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಗೆ ಬಂದಿಳಿದಿರುತ್ತೀರಿ. ಕೆಲವರು ಕೃಷಿ, ಕೆಲವರು ಜವಳಿ, ಬಹಳಷ್ಟು ಮಂದಿ ಕಂಪ್ಯೂಟರ್. ನಿಮ್ಮ ಕ್ಯಾಂಪಸ್‌ನಲ್ಲಿ ಪೋಲ್ಕ್ ಹಾಲ್ ಅಂತ ಒಂದು ಕಟ್ಟಡ ಇದೆ. ಅದು ಯಾರ ಹೆಸರು ಎಂದು ಕೇಳಿದರೆ "ಪ್ರೆಸಿಡೆಂಟ್ ಪೋಲ್ಕ್ ಅಲ್ವಾ?" ಎಂಬ ಉತ್ತರ ಬರುತ್ತದೆ.

ಅಲ್ಲ. ಅಮೆರಿಕದ 11ನೇ ಅಧ್ಯಕ್ಷ ಜೇಮ್ಸ್ ಪೋಲ್ಕ್ ಬೇರೆ. ಬಿಷಪ್ ಆಗಿದ್ದು, ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಸೇನೆಯ ಜನರಲ್ ಆಗಿ 1864ರಲ್ಲಿ ಸತ್ತ ಲಿಯೊನಿಡಾಸ್ ಪೋಲ್ಕ್ ಇನ್ನೂ ಬೇರೆ. ಈ ಕಟ್ಟಡದ ಪೋಲ್ಕ್ ಒಬ್ಬ ರೈತ. ಹೆಸರು ಲಿಯೊನಿಡಾಸ್ ಲಾಫಯೆಟ್ ಪೋಲ್ಕ್. ಹೊಲದಿಂದ ಶಾಸನಸಭೆಗೆ ಹೋದವನು, ಅಲ್ಲಿಂದ ಹೊರಬಂದ ಮೇಲೆ ನಿಜವಾಗಿ ದೊಡ್ಡವನಾದವನು.

ಆತನ ಬಗ್ಗೆ ಇಲ್ಲಿ ಎರಡು ಥರದ ಮಾತು ಕೇಳುತ್ತೇನೆ. ರೈತರ ಬಂಧು, ಇಂಥವನು ಇನ್ನೊಬ್ಬ ಹುಟ್ಟಲಿಲ್ಲ ಎಂಬುದು ಒಂದು. ಗುಲಾಮರನ್ನು ಇಟ್ಟುಕೊಂಡಿದ್ದವನು, ಅವನ ಕಥೆ ಬಿಡಿ ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿದೆ, ಎರಡೂ ಅರ್ಧಕ್ಕೇ ನಿಲ್ಲುತ್ತವೆ. ನಾನು ಹಾವೇರಿ ಕಡೆಯವನು, ಹತ್ತಿ ಬೆಳೆದ ಮನೆಯವನು. ನನಗೆ ಈ ಕಥೆಯಲ್ಲಿ ಕಾಣುವುದು ಇದು: ಸಾಲ ಕೊಡುವವನ ಲೆಕ್ಕದ ಪುಸ್ತಕವನ್ನು ಪೋಲ್ಕ್ ಎಲ್ಲರ ಮುಂದೆ ಬಿಚ್ಚಿಟ್ಟ. ರೈತನ ಲೆಕ್ಕದ ಪುಸ್ತಕದಲ್ಲಿ ಕೂಲಿಯ ಪುಟ ಬಂದಾಗ ಮುಚ್ಚಿಬಿಟ್ಟ. ನೀವು ಎರಡನ್ನೂ ತಿಳಿದು ಆ ಕಟ್ಟಡದೊಳಗೆ ಹೋಗಬೇಕು ಎಂದು ಈ ಪತ್ರ.

ಪೋಲ್ಕ್ ಹುಟ್ಟಿದ್ದು 1837ರ ಏಪ್ರಿಲ್ 24ರಂದು, ಆನ್ಸನ್ ಕೌಂಟಿಯಲ್ಲಿ. ಷಾರ್ಲೆಟ್‌ನಿಂದ ಪೂರ್ವಕ್ಕೆ ಹೋದರೆ ಸಿಗುವ ಹತ್ತಿಯ ಸೀಮೆ ಅದು. ಹದಿನೈದು ತುಂಬುವಷ್ಟರಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಪಾಲಿಗೆ ಬಂದ ಆಸ್ತಿಯಲ್ಲಿ ಜಮೀನಿನ ಜೊತೆ ಗುಲಾಮರೂ ಇದ್ದರು. ಹೊಲ, ಎತ್ತು, ಗಾಡಿಯ ಸಾಲಿನಲ್ಲೇ ಮನುಷ್ಯರ ಹೆಸರು ಬರೆದು ಪಾಲು ಹಂಚುತ್ತಿದ್ದ ಕಾಲ. ಆತ ಕಾಲೇಜು ಕಂಡಿದ್ದು ಸ್ವಲ್ಪ ದಿನ, ಡೇವಿಡ್‌ಸನ್‌ನಲ್ಲಿ. ಆಮೇಲೆ ಮದುವೆ, ಬೇಸಾಯ.

1860ರಲ್ಲಿ ರಾಜ್ಯದ ಶಾಸನಸಭೆಗೆ ಆರಿಸಿ ಬಂದಾಗ ಆತನಿಗೆ 23 ವರ್ಷ. ಅಮೆರಿಕ ಒಡೆಯಬಾರದು ಎಂಬ ಕಡೆಯವನು. ಆದರೆ 1861ರ ಏಪ್ರಿಲ್‌ನಲ್ಲಿ, ಒಡೆದು ಹೋದ ದಕ್ಷಿಣದ ರಾಜ್ಯಗಳ ವಿರುದ್ಧ ಅಧ್ಯಕ್ಷ ಲಿಂಕನ್ ದಂಡು ಕೂಡಿಸಲು ಕರೆ ಕೊಟ್ಟ ಮೇಲೆ ತನ್ನ ರಾಜ್ಯದ ಜೊತೆಗೇ ಹೋದ. ದಕ್ಷಿಣದವರ ಸೇನೆ ಸೇರಿದ. ಅಲ್ಲಿ ಆತನ ಕರ್ನಲ್ ಜೆಬ್ಯುಲನ್ ವ್ಯಾನ್ಸ್. ಈ ಹೆಸರು ನೆನಪಿರಲಿ, ಮುಂದೆ ಬರುತ್ತದೆ. 1864ರಲ್ಲಿ ಮತ್ತೆ ಶಾಸಕನಾದ. 1865ರಲ್ಲಿ, ಯುದ್ಧ ಸೋತ ಮೇಲೆ, ರಾಜ್ಯದ ಸಂವಿಧಾನ ಸಭೆಗೆ ಪ್ರತಿನಿಧಿಯಾದ. ಶಾಸಕನಾಗಿ ಕೂತ ಕಥೆ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ನಿಜ ಹೇಳಬೇಕೆಂದರೆ ಆ ವರ್ಷಗಳಲ್ಲಿ ಹೇಳಿಕೊಳ್ಳುವಂಥ ಕೆಲಸವೇನೂ ಕಾಣುವುದಿಲ್ಲ.

ಯುದ್ಧದಿಂದ ಊರಿಗೆ ಬಂದು ನೋಡಿದರೆ ಎಲ್ಲರ ಕೈ ಖಾಲಿ. ಬೆಳೆ ಬರುವ ತನಕ ಮನೆ ನಡೆಯಬೇಕಲ್ಲ? ಹಾಗಾಗಿ ಅಂಗಡಿಯವನ ಹತ್ತಿರ ಹೋಗಬೇಕು. ಜೋಳದ ಹಿಟ್ಟು, ಹಂದಿಮಾಂಸ, ಬಟ್ಟೆ, ನೇಗಿಲು, ಗೊಬ್ಬರ ಎಲ್ಲ ಉದ್ರಿ. ಒತ್ತೆ ಏನು? ಇನ್ನೂ ಬಿತ್ತದ ಬೆಳೆ. ಆ ಕಾಗದಕ್ಕೆ ಸಹಿ ಬಿದ್ದರೆ ಹತ್ತಿಯ ಮೇಲೆ ಮೊದಲ ಹಕ್ಕು ಅಂಗಡಿಯವನದು. ನಗದಿನ ಬೆಲೆಗಿಂತ ಉದ್ರಿ ಬೆಲೆ ನಾಲ್ಕಾಣೆ ಪಾಲು ಜಾಸ್ತಿ, ಕೆಲವು ಕಡೆ ಎಂಟಾಣೆ ಪಾಲು ಜಾಸ್ತಿ. ಅದರ ಮೇಲೆ ಬಡ್ಡಿ. ಒಂದು ಅಂಗಡಿಗೆ ಬರೆದುಕೊಟ್ಟವನಿಗೆ ಇನ್ನೊಂದು ಅಂಗಡಿಯಲ್ಲಿ ಸಾಲ ಹುಟ್ಟುವುದಿಲ್ಲ. ಜೋಳ ಬೆಳೆಯುತ್ತೇನೆ ಎಂದರೆ ಅಂಗಡಿಯವನು ಒಪ್ಪುವುದಿಲ್ಲ. ಜೋಳವನ್ನು ಮನೆಯವರೇ ತಿಂದುಬಿಡಬಹುದು. ಹತ್ತಿಯನ್ನು ಮಾರಲೇಬೇಕು. ಎಲ್ಲರೂ ಹತ್ತಿಯನ್ನೇ ಬಿತ್ತಿದರು, ಬೆಲೆ ಇಳಿಯಿತು. 1870ರ ಸುಮಾರಿಗೆ ಪೌಂಡಿಗೆ 15 ಸೆಂಟ್‌ನ ಆಸುಪಾಸು ಇದ್ದದ್ದು 1891ರ ಹೊತ್ತಿಗೆ 7–8 ಸೆಂಟ್. ಸಾಲ ಮಾತ್ರ ಡಾಲರ್ ಲೆಕ್ಕದಲ್ಲಿ ಹಾಗೇ ನಿಂತಿತ್ತು. ಹತ್ತಿ ಸುಗ್ಗಿ ಮುಗಿದು ಲೆಕ್ಕ ಮಾಡಿದರೆ ಬಾಕಿ ಉಳಿಯುತ್ತಿತ್ತು. ಆ ಬಾಕಿಯನ್ನು ಹೊಸ ವರ್ಷದ ಪುಟಕ್ಕೆ ಮೊದಲ ಸಾಲಾಗಿ ಬರೆಯುತ್ತಿದ್ದರು.

ನಮ್ಮ ಸೀಮೆಗೂ ಈ ಹತ್ತಿಗೂ ನಂಟು ಇದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೀಜ ತರಿಸಿ, ಅಲ್ಲಿನ ಬೆಳೆಗಾರರನ್ನೇ ಸಂಬಳ ಕೊಟ್ಟು ಕರೆಸಿ, ಧಾರವಾಡ ಜಿಲ್ಲೆಯಲ್ಲಿ ಬೆಳೆಸಿತು. 'ಧಾರವಾಡ ಅಮೆರಿಕನ್' ಎಂಬ ತಳಿಯ ಹೆಸರು ಅಲ್ಲಿಂದ ಬಂದದ್ದು. ಯುದ್ಧದಲ್ಲಿ ದಕ್ಷಿಣದ ಬಂದರುಗಳು ಬಂದ್ ಆದಾಗ ಲಿವರ್‌ಪೂಲ್‌ಗೆ ನಮ್ಮ ಹತ್ತಿ ಬೇಕಾಯಿತು, ಬೆಲೆ ಗಗನಕ್ಕೆ ಏರಿತು. 1865ರಲ್ಲಿ ಯುದ್ಧ ನಿಂತಿತು, ಬೆಲೆ ಕುಸಿಯಿತು. ಅಂದರೆ ಆನ್ಸನ್ ಕೌಂಟಿಯ ರೈತನಿಗೂ ನವಲಗುಂದದ ರೈತನಿಗೂ ಬೆಲೆ ಕಟ್ಟುತ್ತಿದ್ದುದು ಒಂದೇ ಊರು. ಆ ಊರನ್ನು ಇಬ್ಬರೂ ಕಂಡವರಲ್ಲ.

ಪೋಲ್ಕ್ ಸ್ವತಃ ಅಷ್ಟು ಬಡವನಲ್ಲ. 1870ರ ದಶಕದಲ್ಲಿ ರೈಲು ಆತನ ಜಮೀನಿನ ಮೇಲೇ ಬಂತು. ನಿವೇಶನ ಮಾಡಿ ಹಂಚಿದ, ಪೋಲ್ಕ್‌ಟನ್ ಎಂಬ ಊರೇ ಎದ್ದಿತು. ಈಗಲೂ ಇದೆ. ಅಲ್ಲೇ ಒಂದು ವಾರಪತ್ರಿಕೆ ಶುರು ಮಾಡಿದ. ರಾಜ್ಯಕ್ಕೆ ಒಂದು ಕೃಷಿ ಇಲಾಖೆ ಬೇಕು ಎಂದು ಬೆನ್ನು ಹತ್ತಿದ. 1877ರಲ್ಲಿ ಇಲಾಖೆ ಬಂತು, ಮೊದಲ ಕಮಿಷನರ್ ಆತನೇ ಆದ.

ಆ ಇಲಾಖೆಯ ಮೊದಲ ಕೆಲಸಗಳಲ್ಲಿ ಒಂದು ನಿಮಗೆ ಹಿಡಿಸಬಹುದು: ಗೊಬ್ಬರದ ಪರೀಕ್ಷೆ. ಸವೆದ ಹೊಲಕ್ಕೆ ಚೀಲದ ಗೊಬ್ಬರ ಬೇಕೇ ಬೇಕು ಎನ್ನುವ ಸ್ಥಿತಿ ಬಂದಿತ್ತು. ಚೀಲದೊಳಗೆ ಏನಿದೆ ಎಂದು ರೈತನಿಗೆ ಹೇಗೆ ಗೊತ್ತಾಗಬೇಕು? ಮಣ್ಣು ಬೆರೆಸಿ ಮಾರಿದರೂ ತಿಳಿಯುತ್ತಿರಲಿಲ್ಲ. ಹಾಗಾಗಿ ಮಾರಾಟವಾಗುವ ಪ್ರತಿ ಬ್ರ್ಯಾಂಡ್ ಗೊಬ್ಬರದ ಮೇಲೆ ವರ್ಷಕ್ಕೆ 500 ಡಾಲರ್ ತೆರಿಗೆ ಹಾಕಿದರು. ಆ ದುಡ್ಡಿನಲ್ಲೇ ಇಲಾಖೆ ನಡೆಸಿದರು, ಚಾಪೆಲ್ ಹಿಲ್‌ನಲ್ಲಿ ಪ್ರಯೋಗಾಲಯ ಇಟ್ಟು ಚೀಲದ ಮಾದರಿ ಪರೀಕ್ಷೆ ಮಾಡಿಸಿದರು. ಕಂಪನಿಯ ದುಡ್ಡಿನಲ್ಲೇ ಕಂಪನಿಯ ಕಳಪೆ ಹಿಡಿಯುವುದು. ಜಾಣ ಉಪಾಯ. ಪೋಲ್ಕ್ ಆ ಕುರ್ಚಿಯಲ್ಲಿ ಮೂರು ವರ್ಷ ಇದ್ದು 1880ರಲ್ಲಿ ಬಿಟ್ಟ.

ಮುಂದಿನ ಹತ್ತು ವರ್ಷ ಆತನ ಅತ್ಯುತ್ತಮ ಕಾಲ. 1886ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಊರಿನಿಂದ 'ಪ್ರೋಗ್ರೆಸಿವ್ ಫಾರ್ಮರ್' ಪತ್ರಿಕೆ ಹೊರಡಿಸಿದ. ಬೀಜ, ಗೊಬ್ಬರ, ದನದ ರೋಗದ ಜೊತೆಗೆ ಬಡ್ಡಿ, ರೈಲು ದರ, ಬ್ಯಾಂಕಿನ ವಿಷಯ. ಅದರಲ್ಲಿ 1887ರಲ್ಲಿ ಬಂದ ಒಂದು ಬರಹವನ್ನು ಇಂದಿಗೂ ಎತ್ತಿ ಹೇಳುತ್ತಾರೆ. ರೈಲು ಕಂಪನಿಗಳು ಹಿಂದೆಂದೂ ಇಷ್ಟು ಚೆನ್ನಾಗಿರಲಿಲ್ಲ, ಆದರೂ ಬೇಸಾಯ ಸೊರಗುತ್ತಿದೆ. ಬ್ಯಾಂಕುಗಳು ಹಿಂದೆಂದೂ ಇಷ್ಟು ಲಾಭ ಕಂಡಿರಲಿಲ್ಲ, ಆದರೂ ಬೇಸಾಯ ಸೊರಗುತ್ತಿದೆ. ಹೀಗೆ ಒಂದೇ ಮಾತು ಮತ್ತೆ ಮತ್ತೆ ಬಡಿಯುತ್ತದೆ. ಆ ಪತ್ರಿಕೆ ಇನ್ನೂ ನಡೆಯುತ್ತಿದೆ. ನೀವು ಡಾಕ್ಟರ್ ಹತ್ತಿರ ಹೋದಾಗ ಟೇಬಲ್ ಮೇಲೆ ನೋಡುವ 'ಸದರ್ನ್ ಲಿವಿಂಗ್' ಇದೆಯಲ್ಲ, ಅದು 1966ರಲ್ಲಿ ಇದರ ಹೊಟ್ಟೆಯಿಂದಲೇ ಹುಟ್ಟಿದ ಪತ್ರಿಕೆ. ಅದರ ಹೊಳೆಯುವ ಅಡಿಗೆಮನೆಗಳನ್ನು ಪೋಲ್ಕ್ ನೋಡಿದ್ದರೆ ಏನನ್ನುತ್ತಿದ್ದನೋ!

ಇನ್ನು ನಿಮ್ಮ ಯೂನಿವರ್ಸಿಟಿಯ ಹುಟ್ಟಿಗೆ ಬರೋಣ. 1862ರ ಮೊರಿಲ್ ಕಾಯ್ದೆಯ ಪ್ರಕಾರ ಕೃಷಿ ಮತ್ತು ಕೈಕಸುಬಿನ ಶಿಕ್ಷಣಕ್ಕೆಂದು ಈ ರಾಜ್ಯಕ್ಕೆ 2,70,000 ಎಕರೆ ಭೂಮಿಯ ಹಕ್ಕುಪತ್ರ ಸಿಕ್ಕಿತ್ತು. ಅದನ್ನು ಮಾರಿದ ಹಣದ ಬಡ್ಡಿ ವರ್ಷಕ್ಕೆ 7,500 ಡಾಲರ್. ಅದು ಹೋಗುತ್ತಿದ್ದುದು ಚಾಪೆಲ್ ಹಿಲ್‌ನ ಹಳೇ ಯೂನಿವರ್ಸಿಟಿಗೆ. ಅಲ್ಲಿ ಲ್ಯಾಟಿನ್, ಗ್ರೀಕ್ ಜೋರಾಗಿತ್ತು, ಬೇಸಾಯದ ಪಾಠ ಹೆಸರಿಗಷ್ಟೇ. ರೈತರ ಹೆಸರಿನ ದುಡ್ಡು ರೈತರ ಮಕ್ಕಳಿಗೆ ಸೇರಬೇಕು ಎಂದು ಪೋಲ್ಕ್ ವಾರವಾರವೂ ಬರೆದ. ರಾಲಿಯಲ್ಲಿ ವಟಾಗಾ ಕ್ಲಬ್ ಎಂಬ ಯುವಕರ ಗುಂಪು ಕೈಗಾರಿಕಾ ಶಾಲೆ ಬೇಕೆಂದು ಮೊದಲೇ ಕೇಳುತ್ತಿತ್ತು. 1887ರ ಜನವರಿಯಲ್ಲಿ ರೈತರು ರಾಲಿಯಲ್ಲೇ ಸಭೆ ಸೇರಿದರು. ಶಾಸನಸಭೆ ಪಕ್ಕದಲ್ಲೇ ನಡೆಯುತ್ತಿತ್ತು, ಕೇಳಿಸದೆ ಇರುತ್ತದೆಯೇ! ಮಾರ್ಚ್ 7ಕ್ಕೆ ಕಾನೂನು ಆಯಿತು. 1889ರ ಅಕ್ಟೋಬರ್‌ನಲ್ಲಿ ಕಾಲೇಜು ತೆರೆಯಿತು. ಮೊದಲ ವರ್ಷ ಒಂದೇ ಕಟ್ಟಡ, 72 ವಿದ್ಯಾರ್ಥಿಗಳು. ಚಾಪೆಲ್ ಹಿಲ್ ಜೊತೆಗಿನ ನಿಮ್ಮ ಜಗಳ ಬ್ಯಾಸ್ಕೆಟ್‌ಬಾಲ್‌ಗಿಂತ ಹಳೆಯದು ಎಂದು ಈಗ ಗೊತ್ತಾಯಿತಲ್ಲ?

ಶಾಸಕನಾಗಿದ್ದಾಗ ಆತನಿಂದ ಇಂಥದ್ದೊಂದೂ ಆಗಲಿಲ್ಲ. ಹೊರಗೆ ನಿಂತು, ಪತ್ರಿಕೆ ಮತ್ತು ರೈತರ ಸಭೆ ಎರಡನ್ನೇ ಹಿಡಿದುಕೊಂಡು ಮಾಡಿಸಿದ. ಚುನಾವಣೆಗೆ ನಿಲ್ಲಬೇಕೆಂದು ಈಗಲೇ ಕನಸು ಕಾಣುವವರು ನಿಮ್ಮಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತೀರಿ. ಇದನ್ನು ಸ್ವಲ್ಪ ಯೋಚಿಸಿ.

ಅಷ್ಟರಲ್ಲಿ ಟೆಕ್ಸಸ್ ಕಡೆಯಿಂದ ಫಾರ್ಮರ್ಸ್ ಅಲಯನ್ಸ್ ಎಂಬ ರೈತರ ಸಂಘ ಕಾಡ್ಗಿಚ್ಚಿನಂತೆ ಹಬ್ಬಿತು. 1890ರ ಹೊತ್ತಿಗೆ ನಾರ್ತ್ ಕ್ಯಾರೊಲೈನಾದಲ್ಲೇ ಎರಡು ಸಾವಿರಕ್ಕೂ ಜಾಸ್ತಿ ಊರ ಶಾಖೆಗಳು, ಸುಮಾರು 90,000 ಸದಸ್ಯರು. 1889ರ ಡಿಸೆಂಬರ್‌ನಲ್ಲಿ ಪೋಲ್ಕ್ ಇಡೀ ಸಂಘದ ರಾಷ್ಟ್ರೀಯ ಅಧ್ಯಕ್ಷನಾದ. ಸಾಯುವ ತನಕ ಅದೇ ಸ್ಥಾನದಲ್ಲಿದ್ದ.

ಸಂಘಕ್ಕೆ ಹೋರಾಡಿ ಗೊತ್ತಿತ್ತು. ಹತ್ತಿಯ ಮೂಟೆಗೆ ಸುತ್ತುವ ಗೋಣಿತಾಟು ಸೆಣಬಿನದು, ಆ ಸೆಣಬು ನಮ್ಮ ಬಂಗಾಳದ್ದು. 1888ರಲ್ಲಿ ತಾಟು ಮಾಡುವ ಕಂಪನಿಗಳು ಒಳಗೊಳಗೇ ಸೇರಿಕೊಂಡು ಬೆಲೆ ಏರಿಸಿದವು. ರೈತರು ಸೆಣಬು ಬೇಡ ಎಂದು ಹತ್ತಿಯ ಬಟ್ಟೆಯಲ್ಲೇ ಹತ್ತಿ ಸುತ್ತಿ ಮಾರಿದರು. ಕಂಪನಿಗಳು ಬೆಲೆ ಇಳಿಸಬೇಕಾಯಿತು.

ಆದರೆ ದೊಡ್ಡ ಬೇಡಿಕೆ ಸಾಲದ್ದು. ಸಂಘದ ಚಾರ್ಲ್ಸ್ ಮ್ಯಾಕ್ಯೂನ್ ಹೊಸೆದ ಯೋಜನೆ, 'ಸಬ್‌ಟ್ರೆಷರಿ' ಎಂದು ಹೆಸರು. ಸರ್ಕಾರ ಜಿಲ್ಲೆ ಜಿಲ್ಲೆಯಲ್ಲಿ ಗೋದಾಮು ಕಟ್ಟಬೇಕು. ಸುಗ್ಗಿಯಲ್ಲಿ ಎಲ್ಲರೂ ಒಟ್ಟಿಗೆ ಮಾರಿ ಬೆಲೆ ಬೀಳಿಸುವ ಬದಲು ರೈತ ಹತ್ತಿಯನ್ನು ಅಲ್ಲಿಡಬೇಕು. ಪೇಟೆ ಬೆಲೆಯ ಶೇ. 80ರಷ್ಟು ಸಾಲ ಸರ್ಕಾರವೇ ಕೊಡಬೇಕು, ವರ್ಷಕ್ಕೆ ಶೇ. 1ರ ಬಡ್ಡಿಗೆ. ಬೆಲೆ ಬಂದಾಗ ಮಾರಿ ತೀರಿಸುವುದು. ಪತ್ರಿಕೆಗಳು ನಕ್ಕವು. ಇದೇನು ಸರ್ಕಾರವೋ ಗಿರವಿ ಅಂಗಡಿಯೋ ಎಂಬ ಧಾಟಿ. ಈಗ ನಮ್ಮ ಕಡೆ ಗೋದಾಮಿನ ರಸೀದಿ ಇಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯುವವರಿಗೆ ಇದರಲ್ಲಿ ನಗುವಂಥದ್ದೇನೂ ಕಾಣಿಸುವುದಿಲ್ಲ.

ಆ ಮಸೂದೆಯನ್ನು 1890ರ ಫೆಬ್ರವರಿಯಲ್ಲಿ ಸೆನೆಟ್‌ನಲ್ಲಿ ಮಂಡಿಸಿದ್ದು ಯಾರು? ವ್ಯಾನ್ಸ್. ಯುದ್ಧದಲ್ಲಿ ಪೋಲ್ಕ್‌ನ ಕರ್ನಲ್ ಆಗಿದ್ದವನು, ಈಗ ಸೆನೆಟರ್. ಮಂಡಿಸಿದವನೇ ಕೆಲವು ತಿಂಗಳಲ್ಲಿ "ಈ ರೂಪದಲ್ಲಿ ನಾನು ಬೆಂಬಲಿಸಲಾರೆ" ಎಂದು ಕೈ ಎತ್ತಿದ. ಆ ವರ್ಷದ ಚುನಾವಣೆಯಲ್ಲಿ ಗೆದ್ದ ರಾಜ್ಯದ ಶಾಸಕರಲ್ಲಿ ಸಂಘದವರದೇ ಬಹುಮತ. 1891ರ ಆ ಸಭೆಗೆ 'ರೈತರ ಶಾಸನಸಭೆ' ಎಂದೇ ಹೆಸರು. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದುದು ಶಾಸಕರು. ಅವರು ಯಾರನ್ನು ಆರಿಸಿದರು ಗೊತ್ತಾ? ಮತ್ತೆ ವ್ಯಾನ್ಸ್‌ನನ್ನೇ! ಸಂಘದ ಬೇಡಿಕೆಗಾಗಿ ದುಡಿಯಬೇಕು ಎಂಬ ಒಂದು ಸೂಚನೆಯ ನಿರ್ಣಯ ಜೊತೆಗಿಟ್ಟು ಸಮಾಧಾನಪಟ್ಟರು. ಹಳೇ ನಾಯಕನ ಮೇಲಿನ ಅಭಿಮಾನ ಸಾಲದ ಸಂಕಟಕ್ಕಿಂತ ಗಟ್ಟಿ. ಇದನ್ನು ಓದುವಾಗ ನನಗೆ ಯಾವ್ಯಾವುದೋ ಊರಿನ ಚುನಾವಣೆ ನೆನಪಾಗುತ್ತದೆ, ಹೆಸರು ಬೇಡ.

ಆದರೂ ಆ ಸಭೆ ಕೆಲಸ ಮಾಡಿತು. ರೈಲು ದರಕ್ಕೆ ಕಡಿವಾಣ ಹಾಕಲು ಆಯೋಗ ತಂದಿತು. ಗ್ರೀನ್ಸ್‌ಬರೋದಲ್ಲಿ ಬಿಳಿಯ ಹೆಣ್ಣುಮಕ್ಕಳಿಗೆ ಶಿಕ್ಷಕಿಯರ ಕಾಲೇಜು ಮಾಡಿತು. ಪೋಲ್ಕ್ ಕೂಡ ಅದೇ ಹೊತ್ತಿಗೆ ರಾಲಿಯಲ್ಲಿ ಬ್ಯಾಪ್ಟಿಸ್ಟ್ ಹೆಣ್ಣುಮಕ್ಕಳ ಕಾಲೇಜಿಗೆ ದುಡಿಯುತ್ತಿದ್ದ, ಈಗಿನ ಮೆರೆಡಿತ್.

ಈಗ ಮುಚ್ಚಿದ ಪುಟಕ್ಕೆ ಬರುತ್ತೇನೆ.

ಅಲಯನ್ಸ್ ಬಿಳಿಯರಿಗೆ ಮಾತ್ರ. ಕಪ್ಪು ರೈತರು, ಕೂಲಿಯವರು 1886ರಲ್ಲಿ ಟೆಕ್ಸಸ್‌ನಲ್ಲಿ ತಮ್ಮದೇ ಬೇರೆ ಸಂಘ ಕಟ್ಟಿಕೊಂಡಿದ್ದರು. ತಮ್ಮಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸದಸ್ಯರಿದ್ದಾರೆ ಎನ್ನುತ್ತಿದ್ದರು. 1890ರ ಡಿಸೆಂಬರ್‌ನಲ್ಲಿ ಫ್ಲೋರಿಡಾದ ಒಕಾಲಾದಲ್ಲಿ ಎರಡೂ ಸಂಘಗಳ ಸಭೆ ಒಂದೇ ಸಮಯಕ್ಕೆ ನಡೆಯಿತು. ದಕ್ಷಿಣದಲ್ಲಿ ಕಪ್ಪು ಜನರ ಮತದಾನಕ್ಕೆ ರಕ್ಷಣೆ ಕೊಡುವ ಮಸೂದೆಯೊಂದು ಆಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮುಂದಿತ್ತು. ಬಿಳಿಯರ ಸಂಘ ಅದಕ್ಕೆ ವಿರೋಧ ನಿರ್ಣಯ ಮಾಡಿತು. ಆ ಸಂಘದ ಅಧ್ಯಕ್ಷ ಪೋಲ್ಕ್.

ಮುಂದಿನ ವರ್ಷದ್ದು ಇನ್ನೂ ಕೆಟ್ಟದ್ದು. 1891ರ ಸೆಪ್ಟೆಂಬರ್‌ನಲ್ಲಿ ಹತ್ತಿ ಬಿಡಿಸುವವರ ಮುಷ್ಕರಕ್ಕೆ ಕಪ್ಪು ಜನರ ಸಂಘದ ಕಡೆಯಿಂದ ಕರೆ ಬಂತು. ನೂರು ಪೌಂಡ್ ಬಿಡಿಸಿದರೆ ಸಿಗುತ್ತಿದ್ದುದು 50 ಸೆಂಟ್, ಅಥವಾ ಅದಕ್ಕೂ ಕಡಿಮೆ. ಅವರು ಕೇಳಿದ್ದು ಒಂದು ಡಾಲರ್. ನೂರು ಪೌಂಡ್ ಎಂದರೆ ಒಬ್ಬ ಆಳಿಗೆ ಹೆಚ್ಚುಕಡಿಮೆ ಒಂದು ದಿನದ ಕೆಲಸ. ಬೆಳಗಿನಿಂದ ಸಂಜೆ ತನಕ ಬಗ್ಗಿದ ನಡು, ಹೆಗಲಿನಿಂದ ಎಳೆದುಕೊಂಡು ಹೋಗುವ ಉದ್ದನೆಯ ಚೀಲ, ಒಣಗಿದ ಕಾಯಿಯ ಚೂಪು ಅಂಚಿಗೆ ಬೆರಳ ಸಂದಿ ಸೀಳಿ ಬರುವ ರಕ್ತ. ಹತ್ತಿ ಬಿಡಿಸಿದವರ ಕೈ ನೋಡಿದ್ದರೆ ನಿಮಗೆ ಗೊತ್ತು.

ರೈತನ ಕಡೆಯ ಲೆಕ್ಕವನ್ನೂ ಹಾಕಿ ನೋಡೋಣ. ನೂರು ಪೌಂಡ್ ಹತ್ತಿಯನ್ನು ಬೀಜ ಬಿಡಿಸುವ ಜಿನ್ನಿಗೆ ಹಾಕಿದರೆ ಅರಳೆ ಸಿಗುವುದು ಮೂವತ್ಮೂರು ಪೌಂಡಿನಷ್ಟು. ಏಳೂವರೆ ಸೆಂಟ್‌ನಂತೆ ಎರಡೂವರೆ ಡಾಲರ್. ಅದರಲ್ಲಿ ಒಂದು ಡಾಲರ್ ಕೂಲಿಗೆ ಕೊಟ್ಟರೆ ಗೊಬ್ಬರ, ಜಿನ್ನು, ತಾಟು, ಬಡ್ಡಿ ಎಲ್ಲಕ್ಕೂ ಸೇರಿ ಉಳಿಯುವುದು ಒಂದೂವರೆ. ಕಷ್ಟವೇ, ಇಲ್ಲ ಅನ್ನುವುದಿಲ್ಲ. ಆದರೆ ಈ ಕಷ್ಟದ ಮೂಲ ಅಂಗಡಿ, ರೈಲು, ಬ್ಯಾಂಕು ಎಂದು ಐದು ವರ್ಷದಿಂದ ಬರೆದುಕೊಂಡು ಬಂದವನು ಪೋಲ್ಕ್. ಕೂಲಿಯವರು ಡಾಲರ್ ಕೇಳಿದಾಗ ಆತನ ಪತ್ರಿಕೆ ಹೇಳಿದ್ದೇನು? 50 ಸೆಂಟ್‌ಗಿಂತ ಜಾಸ್ತಿ ಕೊಡುವ ಬದಲು ಹತ್ತಿಯನ್ನು ಹೊಲದಲ್ಲೇ ಬಿಡಿ ಎಂದು.

ಮುಷ್ಕರ ಬಹುತೇಕ ಕಡೆ ಹುಟ್ಟುವ ಮೊದಲೇ ಸತ್ತಿತು. ಅರ್ಕಾನ್ಸಾ ರಾಜ್ಯದ ಲೀ ಕೌಂಟಿಯಲ್ಲಿ ಬೆನ್ ಪ್ಯಾಟರ್ಸನ್ ಎಂಬವನ ಮುಂದಾಳುತನದಲ್ಲಿ ಕೂಲಿಯವರು ನಿಜಕ್ಕೂ ಕೆಲಸ ನಿಲ್ಲಿಸಿದರು. ಗಲಾಟೆಯಾಯಿತು, ಒಬ್ಬ ಬಿಳಿಯ ಮೇಲ್ವಿಚಾರಕ ಸತ್ತ. ಆಮೇಲೆ ಶಸ್ತ್ರ ಹಿಡಿದ ಗುಂಪುಗಳು ಮುಷ್ಕರದವರನ್ನು ಬೇಟೆಯಾಡಿದವು. ಹದಿನೈದರಷ್ಟು ಕಪ್ಪು ಜನ ಸತ್ತರು. ಕೆಲವರನ್ನು ಪೊಲೀಸರ ಕೈಯಿಂದ ಕಿತ್ತುಕೊಂಡು ನೇಣು ಹಾಕಿದರು. ಪೋಲ್ಕ್ ಇದನ್ನು ಮಾಡಿಸಿದ ಎಂದು ನಾನು ಹೇಳುತ್ತಿಲ್ಲ. ಆದರೆ ಕೂಲಿ ಕೇಳುವುದು ತಪ್ಪು ಎಂಬ ಮಾತಿಗೆ ರೈತ ನಾಯಕನ ದನಿಯೂ ಸೇರಿತ್ತು. ಕಾಲವೇ ಹಾಗಿತ್ತು ಎಂದು ತೇಲಿಸುವುದು ಸುಲಭ. ಒಂದು ಡಾಲರ್ ಕೇಳಿದವರೂ ಅದೇ ಕಾಲದವರು ತಾನೇ?

1892ರ ಫೆಬ್ರವರಿಯಲ್ಲಿ ಸೇಂಟ್ ಲೂಯಿಸ್‌ನಲ್ಲಿ ನಡೆದ ರೈತ, ಕಾರ್ಮಿಕ ಸಂಘಗಳ ಸಭೆಯಲ್ಲಿ ಪೋಲ್ಕ್ ಅಧ್ಯಕ್ಷತೆ ವಹಿಸಿ, ದಕ್ಷಿಣದವರೂ ಪಶ್ಚಿಮದವರೂ ಕೈ ಹಿಡಿದು ಮತಪೆಟ್ಟಿಗೆಯ ಕಡೆ ನಡೆಯುವ ಕಾಲ ಬಂದಿದೆ ಎಂದ. ಹೊಸ ಪೀಪಲ್ಸ್ ಪಾರ್ಟಿಯಿಂದ ದೇಶದ ಅಧ್ಯಕ್ಷ ಸ್ಥಾನಕ್ಕೆ ಆತನೇ ನಿಲ್ಲುತ್ತಾನೆ ಎಂದು ಬಹಳ ಜನ ಎಣಿಸಿದ್ದರು. ಜೂನ್ 11ರಂದು ವಾಷಿಂಗ್ಟನ್‌ನಲ್ಲಿ ತೀರಿಕೊಂಡ. 55 ವರ್ಷ. ಜುಲೈನಲ್ಲಿ ಒಮಾಹಾದಲ್ಲಿ ಪಕ್ಷ ಜೇಮ್ಸ್ ವೀವರ್‌ನನ್ನು ನಿಲ್ಲಿಸಿತು. ಹತ್ತು ಲಕ್ಷಕ್ಕೂ ಜಾಸ್ತಿ ಮತ ಬಂತು, ಗೆಲುವು ಬರಲಿಲ್ಲ. ಪೋಲ್ಕ್ ಇದ್ದಿದ್ದರೆ ಎಂದು ಇಲ್ಲಿನವರು ಈಗಲೂ ವಾದ ಮಾಡುತ್ತಾರೆ. ನಾನು ಆ ವಾದಕ್ಕೆ ಹೋಗುವುದಿಲ್ಲ. ಆತನ ಸಮಾಧಿ ರಾಲಿಯ ಓಕ್‌ವುಡ್ ಸ್ಮಶಾನದಲ್ಲಿದೆ.

ನಿಮ್ಮಲ್ಲಿ ನನ್ನ ಕೇಳಿಕೆ ಎರಡು. ಹೊಸಬರಿಗೆ ಕ್ಯಾಂಪಸ್ ತೋರಿಸುವಾಗ ಪೋಲ್ಕ್ ಹಾಲ್ ಮುಂದೆ ಎರಡು ನಿಮಿಷ ನಿಲ್ಲಿ. ಗೊಬ್ಬರದ ತೆರಿಗೆ, ಕಾಲೇಜು, ಶೇ. 1ರ ಬಡ್ಡಿ, ಎಲ್ಲ ಹೇಳಿ. ಹೇಳಿದ ಉಸಿರಲ್ಲೇ 50 ಸೆಂಟ್‌ನ ಕಥೆಯನ್ನೂ ಹೇಳಿ. ಹೊಗಳಿಕೆಗೆ ಎರಡು ನಿಮಿಷ, ಉಳಿದದ್ದು ಯೂಟ್ಯೂಬ್‌ನಲ್ಲಿ ನೋಡಿಕೊಳ್ಳಿ ಅಂತಾಗಬಾರದು.

ಎರಡನೆಯದು, ಗ್ರೀನ್ಸ್‌ಬರೋಗೆ ಒಮ್ಮೆ ಬನ್ನಿ. ಅದೇ 1891ರ ರೈತರ ಶಾಸನಸಭೆ ಅಲ್ಲಿಯ ಇನ್ನೊಂದು ಕಾಲೇಜಿಗೂ ಕಾನೂನು ಮಾಡಿತ್ತು: ಕಪ್ಪು ವಿದ್ಯಾರ್ಥಿಗಳಿಗಾಗಿ ಕೃಷಿ ಕಾಲೇಜು, ಇಂದಿನ ನಾರ್ತ್ ಕ್ಯಾರೊಲೈನಾ ಎ ಆ್ಯಂಡ್ ಟಿ. ಪ್ರೀತಿಯಿಂದ ಮಾಡಿದ್ದಲ್ಲ. ಬಿಳಿಯರ ಕಾಲೇಜಿಗೆ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿ, ಇಲ್ಲವೇ ಅವರಿಗೆ ಬೇರೆ ಕಾಲೇಜು ಕಟ್ಟಿ, ಇಲ್ಲವಾದರೆ ಹಣವಿಲ್ಲ ಎಂದು 1890ರ ಎರಡನೇ ಮೊರಿಲ್ ಕಾಯ್ದೆ ಹೇಳಿತ್ತು. ಶಾಸಕರು ಬೇರೆಯದನ್ನು ಕಟ್ಟಿದರು. 1960ರ ಫೆಬ್ರವರಿ 1ರಂದು ಆ ಕಾಲೇಜಿನ ನಾಲ್ಕು ಹುಡುಗರು ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ, ಬಿಳಿಯರಿಗೆ ಮಾತ್ರ ಎಂದಿದ್ದ ಕುರ್ಚಿಗಳಲ್ಲಿ ಕೂತರು. ಕಾಫಿ ಕೇಳಿದರು. ಕೊಡಲಿಲ್ಲ, ಅವರು ಏಳಲಿಲ್ಲ. ಆ ಅಂಗಡಿ ಈಗ ಮ್ಯೂಸಿಯಂ.

ರಾಲಿಯಿಂದ ಸುಮಾರು 80 ಮೈಲಿ, ಐ-40 ಹಿಡಿದರೆ ಒಂದೂಕಾಲು ಗಂಟೆ. ಮಿಡ್‌ಟರ್ಮ್ ಮುಗಿದ ಮೇಲೆ ಒಂದು ಶನಿವಾರ ಹೊರಡೋಣ. ನನ್ನ ವ್ಯಾನ್‌ನಲ್ಲಿ ಆರು ಜನ ಹಿಡಿಯುತ್ತಾರೆ. ಬುತ್ತಿ ನಮ್ಮ ಮನೆಯಿಂದ.

ಇತಿ,
ಹಾವೇರಿ ಕಡೆಯವನು, ಈಗ ರಾಲಿ ಪಕ್ಕದ ಕ್ಯಾರಿ ವಾಸಿ